ಮಸೂರದ ಬೆನ್ನಿಗೆ ಕಚ್ಚಿದ ಪೊರೆ



ಕಣ್ಣಿನ ಪೊರೆ ಅಂದಕೂಡಲೇ ಈಗ ಎಲ್ಲರದೂ ಒಂದೇ ಮಾತು: ಹತ್ತು ನಿಮಿಷದ ಕೆಲಸ, ಸಂಜೆಗೆ ಮನೆ. ಬಹುಪಾಲು ಜನಕ್ಕೆ ಅದು ನಿಜವೇ. ಆ ಮಾತು ನಡೆಯದ ಒಂದು ಪೊರೆ ಇದೆ. ವೈದ್ಯರು ಅದನ್ನು ಪೋಸ್ಟೀರಿಯರ್ ಪೋಲಾರ್ ಕ್ಯಾಟರಾಕ್ಟ್ ಅನ್ನುತ್ತಾರೆ.

ಇದು ಮುಪ್ಪಿನ ಪೊರೆಯಲ್ಲ. ಎಷ್ಟೋ ಸಲ ಹುಟ್ಟಿನಿಂದಲೇ ಇರುತ್ತದೆ, ಮನೆತನದಲ್ಲಿ ಇಳಿದುಬರುತ್ತದೆ. ಮಸೂರದ ಹಿಂಬದಿಯ ನಟ್ಟನಡುವೆ ಒಂದು ಬಿಳಿ ಬಿಲ್ಲೆ. ಸ್ಲಿಟ್ ಲ್ಯಾಂಪ್ ಎಂಬ ಕಣ್ಣಿನ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಡ್ಡ ಕೊಯ್ದ ಈರುಳ್ಳಿಯ ಹಾಗೆ ಉಂಗುರದೊಳಗೆ ಉಂಗುರ. ಬಿಸಿಲಿಗೆ ಪಾಪೆ ಕಿರಿದಾದಾಗ ಉಳಿದ ಕಿಂಡಿಗೆ ಈ ಬಿಲ್ಲೆಯೇ ಅಡ್ಡ. ಮಬ್ಬು ಬೆಳಕಿನಲ್ಲಿ ಸಲೀಸಾಗಿ ಓಡಾಡುವವರು ಮಟಮಟ ಮಧ್ಯಾಹ್ನ ತಡವರಿಸುತ್ತಾರೆ.

ಮಸೂರ ತಿಳಿಯಾಗಿರುವುದು ಕ್ರಿಸ್ಟಲಿನ್ ಎಂಬ ಪ್ರೋಟೀನುಗಳಿಂದ. ಹೈದರಾಬಾದಿನಲ್ಲಿ ನಮ್ಮ ತಾರ್ನಾಕದ ಪಕ್ಕದಲ್ಲೇ, ಉಪ್ಪಲ್ ರಸ್ತೆಯ ಸಿಸಿಎಂಬಿ ಎಂಬ ಜೀವವಿಜ್ಞಾನ ಸಂಶೋಧನಾ ಕೇಂದ್ರದಲ್ಲಿ, ವಿಜ್ಞಾನಿ ಡಿ. ಬಾಲಸುಬ್ರಮಣಿಯನ್ ಅವುಗಳನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದರು, 1998ರಲ್ಲಿ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆಗೆ ಹೋದರು. ಕೆಲವು ಕುಟುಂಬಗಳಲ್ಲಿ ಆಲ್ಫಾ-ಬಿ ಕ್ರಿಸ್ಟಲಿನ್ನಿನ ಜೀನು ಕೆಟ್ಟು ಈ ಪೊರೆ ಬಂದಿದೆ.

ನಮ್ಮ ನೇತ್ರವೈದ್ಯ ಡಾ. ಎಂ.ಸಿ. ಮೋದಿಯವರ ಕಣ್ಣಿನ ಶಿಬಿರಗಳು ನಿಮಗೆ ನೆನಪಿರಬಹುದು. ಆ ಕಾಲದ ಪದ್ಧತಿಯಲ್ಲಿ ಮಸೂರವನ್ನು ಅದರ ಸುತ್ತಲಿನ ತೆಳು ಚೀಲದ ಸಮೇತ ತೆಗೆದು ದಪ್ಪ ಕನ್ನಡಕ ಕೊಡುತ್ತಿದ್ದರು. ಹೇಗೂ ಹೊರಗೆ ಹೋಗುವ ಚೀಲ ಎಷ್ಟು ತೆಳುವಾಗಿದ್ದರೇನು! 1967ರಲ್ಲಿ ಚಾರ್ಲ್ಸ್ ಕೆಲ್ಮನ್ ಶುರುಮಾಡಿದ, ಅಲ್ಟ್ರಾಸೌಂಡಿನಿಂದ ಪೊರೆಯನ್ನು ಪುಡಿಮಾಡಿ ಹೀರುವ ಫೇಕೋ ವಿಧಾನದಲ್ಲಿ ಚೀಲ ಉಳಿಯಲೇಬೇಕು, ಹೊಸ ಲೆನ್ಸ್ ಕೂರುವುದು ಅದರೊಳಗೇ. ಹೊಸ ವಿಧಾನ ಬಂದಮೇಲೆಯೇ ಈ ಪೊರೆ ವೈದ್ಯರ ನಿದ್ದೆ ಕೆಡಿಸಿತು ಎಂಬುದು ನನ್ನ ವಾದ. ಚೀಲದ ಹಿಂಬದಿ ಸಹಜವಾಗಿಯೇ ಸುಮಾರು 4 ಮೈಕ್ರಾನ್ ದಪ್ಪ, ಅಷ್ಟೇ. ಇಲ್ಲಿ ಪೊರೆ ಅದಕ್ಕೇ ಕಚ್ಚಿಕೊಂಡಿರುತ್ತದೆ. ಕೆಲವರಲ್ಲಿ ಮೊದಲೇ ತೂತು ಬಿದ್ದಿರುವುದೂ ಉಂಟು.

ಮಾಮೂಲಿ ಪೊರೆಯಾದರೆ ಚೀಲದ ಒಳಮೈಗುಂಟ ನೀರು ಹಾಯಿಸಿ ಬಿಡಿಸುತ್ತಾರೆ. ಇಲ್ಲಿ ಹಾಗೆ ಮಾಡಿದರೆ ಚೀಲ ಒಡೆದು ಮಸೂರದ ಚೂರುಗಳು ಕಣ್ಣಿನ ಹಿಂಭಾಗಕ್ಕೆ ಜಾರಬಹುದು. ಅಹಮದಾಬಾದಿನ ನೇತ್ರವೈದ್ಯ ಅಭಯ್ ವಸಾವಡ 1999ರಲ್ಲಿ ಸಹಲೇಖಕರೊಡನೆ ಪ್ರಕಟಿಸಿದ ವರದಿಯಲ್ಲಿ ಇಂಥ ಕಣ್ಣುಗಳ ಪೈಕಿ ಶೇ. 36ರಲ್ಲಿ ಚೀಲ ಒಡೆದಿತ್ತು. ಪಳಗಿದ ಕೈಯಲ್ಲೇ ಅಷ್ಟು! ಮುಂದೆ 2004ರಲ್ಲಿ ಅವರದೇ ಒಂದು ಉಪಾಯ ಬಂತು: ಮಸೂರದ ನಡುವೆ ಕಾಲುವೆ ತೋಡಿ, ಒಳಗಿನಿಂದ ಹೊರಕ್ಕೆ ನೀರು ಬಿಡುವುದು. ಗಟ್ಟಿ ತಿರುಳು ಬೇರ್ಪಡುತ್ತದೆ, ಮೆತ್ತನೆಯ ಹೊರಪದರ ಚೀಲಕ್ಕೆ ಆಸರೆಯಾಗಿ ಕೊನೆಯವರೆಗೂ ಉಳಿಯುತ್ತದೆ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿಗೇ ಪೊರೆ ಬಂದಿದ್ದರೆ ವೈದ್ಯರಿಗೆ ತಪ್ಪದೆ ಹೇಳಿ. ಇದೇ ಪೊರೆ ಅಂತಾದರೆ, ಚೀಲ ಒಡೆದಾಗ ಅದರ ಮುಂದೆ ಕೂರಿಸಬಹುದಾದ ಮೂರು ತುಂಡಿನ ಲೆನ್ಸ್ ಕೈಯಳತೆಯಲ್ಲಿದೆಯೇ ಎಂದು ಆಪರೇಷನ್ನಿಗೆ ಮುಂಚೆ ಕೇಳಿ. ಕೇಳಿದ್ದಕ್ಕೆ ಒಳ್ಳೆಯ ವೈದ್ಯರು ಯಾರೂ ಬೇಸರಪಡುವುದಿಲ್ಲ.