ಒಂದು ಗಳಿಗೆಯ ಎಚ್ಚರ

ಗೋವಿಂದ ಪೈಗಳ ‘ಗೊಲ್ಗೊಥಾ’ವನ್ನು ಓದಿದ ಕನ್ನಡಿಗರಿಗೆ ಯೇಸುವನ್ನು ಶಿಲುಬೆಗೇರಿಸಿದ ಸ್ಥಳ ಅಪರಿಚಿತವಲ್ಲ. ಅಲ್ಲಿನ ವೇದನೆಯನ್ನು ಜಗತ್ತಿನ ಕವಿಗಳೂ ಚಿತ್ರಕಾರರೂ ಶತಮಾನಗಳಿಂದ ಧ್ಯಾನಿಸುತ್ತ ಬಂದಿದ್ದಾರೆ. ಆದರೆ ಅದರ ಹಿಂದಿನ ರಾತ್ರಿ, ಮೊಳೆ ಸುತ್ತಿಗೆಗಳ ಸದ್ದಿಲ್ಲದ ಒಂದು ತೋಟದಲ್ಲಿ, ಇನ್ನೊಂದು ಬಗೆಯ ದುರಂತ ನಡೆದುಹೋಗಿತ್ತು. ಅದನ್ನು ಕುರಿತು ಇಲ್ಲಿ ಕೆಲವು ಮಾತು.

ಪಸ್ಕಹಬ್ಬ ಬರುವುದು ಹುಣ್ಣಿಮೆಯ ಹೊತ್ತಿಗೆ. ಶಿಷ್ಯರೊಡನೆ ಕಡೆಯ ಭೋಜನವನ್ನು ಮುಗಿಸಿ ಯೇಸು ಯೆರೂಸಲೇಮಿನಿಂದ ಹೊರಟು, ಕಿದ್ರೋನ್ ಹಳ್ಳವನ್ನು ದಾಟಿ, ಎಣ್ಣೆಮರಗಳ ಗುಡ್ಡದ ಕಡೆಗೆ ನಡೆದನು. ಅಲ್ಲಿನ ತೋಟಕ್ಕೆ ಗೆತ್ಸೇಮನೆ ಎಂದು ಹೆಸರು. ಎಣ್ಣೆಯ ಗಾಣ ಎಂದು ಅದರ ಅರ್ಥ. ಪೇತ್ರ, ಯಾಕೋಬ, ಯೋಹಾನ ಎಂಬ ಮೂವರನ್ನು ಮಾತ್ರ ಒಳಕ್ಕೆ ಕರೆದೊಯ್ದು, ತನ್ನ ಮನಸ್ಸು ಸಾವಿನಷ್ಟು ದುಃಖದಿಂದ ತುಂಬಿದೆ, ನೀವು ಎಚ್ಚರವಾಗಿರಿ ಎಂದು ಕೇಳಿಕೊಂಡನು. ತುಸು ದೂರ ಹೋಗಿ ನೆಲಕ್ಕೆ ಬಿದ್ದು, ಈ ಪಾತ್ರೆ ತನ್ನಿಂದ ತೊಲಗಲಿ, ಆದರೂ ನಿನ್ನ ಚಿತ್ತದಂತಾಗಲಿ ಎಂದು ತಂದೆಯಲ್ಲಿ ಮೊರೆಯಿಟ್ಟನು. ಹಿಂತಿರುಗಿ ನೋಡಿದರೆ ಮೂವರೂ ನಿದ್ರಿಸುತ್ತಿದ್ದರು. ಹೀಗೆ ಮೂರು ಸಲ.

ಆ ಮೂವರು ಯಾರು? ಯಾಕೋಬ ಯೋಹಾನರು, ಯೆರೂಸಲೇಮಿನ ದಾರಿಯಲ್ಲಿ, ಯೇಸುವಿನ ಮಹಿಮೆಯ ರಾಜ್ಯದಲ್ಲಿ ತಮಗೆ ಎಡಬಲದ ಪೀಠಗಳು ಬೇಕೆಂದು ಕೇಳಿದ್ದವರು. ಆತ ಕುಡಿಯುವ ಪಾತ್ರೆಯಲ್ಲಿ ತಾವೂ ಕುಡಿಯಬಲ್ಲೆವೆಂದು ಮಾತು ಕೊಟ್ಟಿದ್ದವರು. ಪೇತ್ರನೋ, ಪ್ರಾಣ ಹೋದರೂ ನಿನ್ನನ್ನು ಅರಿಯೆನೆನ್ನುವುದಿಲ್ಲ ಎಂದು ಅದೇ ರಾತ್ರಿ ಪ್ರತಿಜ್ಞೆ ಮಾಡಿದವನು. ಎಲ್ಲರಿಗಿಂತ ದೊಡ್ಡ ಮಾತನ್ನಾಡಿದ ಮೂವರೇ ಪಾತ್ರೆ ಎದುರಿಗೆ ಬಂದ ಗಳಿಗೆಯಲ್ಲಿ ಕಣ್ಣು ಮುಚ್ಚಿದರು. ಇಸ್ಕರಿಯೋತ ಯೂದನ ದ್ರೋಹ ಒಬ್ಬನ ದ್ರೋಹ. ಅದನ್ನು ಹಳಿದು ನಾವು ದೂರ ನಿಲ್ಲಬಹುದು. ಈ ನಿದ್ದೆಯಿಂದ ಹಾಗೆ ದೂರ ನಿಲ್ಲುವ ಧೈರ್ಯ ಯಾರಿಗಿದೆ? ಪ್ರೀತಿಸುವವರು ನರಳುತ್ತಿರುವಾಗ ನಾವು ದ್ವೇಷಿಸುವುದಿಲ್ಲ, ಸುಮ್ಮನೆ ಆಯಾಸಗೊಳ್ಳುತ್ತೇವೆ.

ಸುವಾರ್ತೆಗಳನ್ನು ಒಂದರ ಪಕ್ಕದಲ್ಲೊಂದನ್ನಿಟ್ಟು ಓದಿದರೆ ಒಂದು ಸೂಕ್ಷ್ಮ ಗೋಚರಿಸುತ್ತದೆ. ನಾಲ್ಕರಲ್ಲಿ ಮೊದಲನೆಯದೆಂದು, ಸುಮಾರು ಕ್ರಿ.ಶ. 70ರ ವೇಳೆಯದೆಂದು, ಬಹುಮಂದಿ ವಿದ್ವಾಂಸರು ಎಣಿಸುವ ಮಾರ್ಕನ ಸುವಾರ್ತೆ ಮೂರು ಸಲದ ನಿದ್ದೆಯನ್ನೂ ನಿರ್ದಾಕ್ಷಿಣ್ಯವಾಗಿ ಹೇಳುತ್ತದೆ. ಮತ್ತಾಯನೂ ಹಾಗೆಯೇ. ಲೂಕ ಒಂದೇ ಸಲ ಹೇಳಿ, ಅವರು ದುಃಖದಿಂದ ಬಳಲಿ ಮಲಗಿದ್ದರೆಂದು ಕನಿಕರದ ಕಾರಣ ಕೊಡುತ್ತಾನೆ. ಯೋಹಾನನ ಸುವಾರ್ತೆಯಲ್ಲಿ ತೋಟವುಂಟು, ನಿದ್ದೆಯೇ ಇಲ್ಲ.

ಮುಂದಿನದು ಎಲ್ಲರೂ ಬಲ್ಲ ಕಥೆ. ಪಂಜುಗಳು ಬಂದವು, ಶಿಷ್ಯರು ಓಡಿದರು. ಮಹಾಯಾಜಕನ ಅಂಗಳದಲ್ಲಿ ಚಳಿ ಕಾಯಿಸಿಕೊಳ್ಳುತ್ತಿದ್ದ ಪೇತ್ರ, ಕೋಳಿ ಕೂಗುವ ಮುನ್ನ ಮೂರು ಸಲ ಗುರುವನ್ನು ಅರಿಯೆನೆಂದನು. ಮರುದಿನ ಶಿಲುಬೆಯನ್ನು ದೂರದಿಂದಲಾದರೂ ನೋಡುತ್ತ ನಿಂತವರೆಂದು ಮಾರ್ಕ ಹೆಸರಿಸುವುದು ಮಗ್ದಲದ ಮರಿಯಳನ್ನು, ಇನ್ನೊಬ್ಬ ಮರಿಯಳನ್ನು, ಸಲೋಮೆಯನ್ನು. ಅವರು ಪ್ರತಿಜ್ಞೆ ಮಾಡಿದ್ದುದು ಎಲ್ಲಿಯೂ ದಾಖಲಾಗಿಲ್ಲ, ನಿಂತದ್ದು ದಾಖಲಾಗಿದೆ.

ಮಾರ್ಕನು ಪೇತ್ರನ ಬಾಯಿಂದ ಕೇಳಿದುದನ್ನೇ ಬರೆದನೆಂಬುದು ಕ್ರೈಸ್ತಸಭೆಯ ಬಹು ಪ್ರಾಚೀನ ನಂಬಿಕೆ. ಅದು ನಿಜವಾದರೆ, ತಾನು ಮಲಗಿದ್ದೆನೆಂದು ಲೋಕಕ್ಕೆ ಸಾರಿದವನು ಮಲಗಿದ್ದವನೇ. ತನ್ನ ಹಿರಿಯನ ಈ ಲಜ್ಜೆಯನ್ನು ಮರೆಮಾಚುವುದು ಆ ಸಭೆಗೆ ಸುಲಭವಾಗಿತ್ತು, ಅದು ಮರೆಮಾಚಲಿಲ್ಲ. ಪೇತ್ರ ತನ್ನ ನಿದ್ದೆಯಿಂದ ನಿಜವಾಗಿ ಎಚ್ಚತ್ತದ್ದು ಬಹುಶಃ ಅದನ್ನು ಹೇಳಿಕೊಂಡ ದಿನವೇ.