ಬೆಳೆವಣಿಗೆಯೂ ಫಲವೂ



ಧರ್ಮಜೀವನವನ್ನು ಬೆಳೆಯುವ ಗಿಡಕ್ಕೆ ಹೋಲಿಸುವುದು ಅನೇಕ ದೇಶಗಳಲ್ಲಿ ಉಂಟು. ಕ್ರೈಸ್ತ ಗ್ರಂಥಗಳಲ್ಲಿ ಈ ಹೋಲಿಕೆಯು ಬರಿಯ ಅಲಂಕಾರವಾಗಿ ನಿಲ್ಲದೆ ಒಂದು ಪರೀಕ್ಷೆಯಾಗಿಯೇ ಬಂದಿದೆ. ಮರದ ಗುಣವನ್ನು ಅದರ ಫಲದಿಂದಲೇ ತಿಳಿಯಬೇಕೆಂದು ಯೇಸುಸ್ವಾಮಿಯು ಬೋಧಿಸಿದನು. ಹಾಗಾದರೆ ಫಲವೆಂದರೆ ಯಾವುದು? ಅದು ಬರುವ ಬಗೆ ಹೇಗೆ? ಅದಕ್ಕಾಗಿ ಎಷ್ಟು ಕಾಲ ಕಾಯಬೇಕು? ಈ ಮೂರು ಪ್ರಶ್ನೆಗಳನ್ನು ನಾವು ಈಗ ವಿಚಾರಮಾಡೋಣ.

ಮೊದಲನೆಯದಕ್ಕೆ ಉತ್ತರವು ಪೌಲನು ಗಲಾತ್ಯದವರಿಗೆ ಬರೆದ ಪತ್ರಿಕೆಯ ಐದನೆಯ ಅಧ್ಯಾಯದಲ್ಲಿದೆ. ಅಲ್ಲಿ ಶರೀರಭಾವದ 'ಕರ್ಮಗಳು' ಎಂಬುದು ಬಹುವಚನ. ಪವಿತ್ರಾತ್ಮನ 'ಫಲ' ಎಂಬುದು ಏಕವಚನ. ಪ್ರೀತಿ, ತಾಳ್ಮೆ, ದಯೆ, ಆತ್ಮಸಂಯಮ ಮೊದಲಾಗಿ ಒಂಬತ್ತು ಗುಣಗಳನ್ನು ಆತನು ಹೇಳಿದರೂ ಅವು ಒಂದೇ ಹಣ್ಣಿನ ಬಣ್ಣ, ಕಂಪು, ಸವಿಗಳಂತೆ ಒಟ್ಟಾಗಿಯೇ ಬಲಿಯತಕ್ಕವು. ಇವುಗಳಲ್ಲಿ ಎಣಿಸಬಹುದಾದದ್ದು ಒಂದೂ ಇಲ್ಲ. ಸಭೆಗೆ ಬಂದವರನ್ನು ಎಣಿಸಬಹುದು, ಕಾಣಿಕೆಯ ಹಣವನ್ನು ಎಣಿಸಬಹುದು, ಉಪವಾಸದ ದಿನಗಳನ್ನು ಎಣಿಸಬಹುದು, ತಾಳ್ಮೆಯನ್ನು ಎಣಿಸುವವರಾರು? ಅದೂ ಅಲ್ಲದೆ, ತಾಳ್ಮೆ ಬೆಳೆಯಬೇಕಾದರೆ ನಮ್ಮ ತಾಳ್ಮೆಯನ್ನು ಕೆಡಿಸುವವನೊಬ್ಬನು ಬಳಿಯಲ್ಲಿರಬೇಕು. ದಯೆ ಬೆಳೆಯಬೇಕಾದರೆ ದಯೆ ಬೇಕಾದವನಿರಬೇಕು. ಕೊಂಬೆಯು ತಾನು ಬಿಟ್ಟ ಹಣ್ಣನ್ನು ತಾನೇ ತಿನ್ನುವುದಿಲ್ಲವಷ್ಟೆ.

ಎರಡನೆಯದಕ್ಕೆ ಯೋಹಾನನ ಸುವಾರ್ತೆಯ ಹದಿನೈದನೆಯ ಅಧ್ಯಾಯವನ್ನು ನೋಡಬೇಕು. ಯೇಸುಸ್ವಾಮಿಯು ತಾನು ಶಿಲುಬೆಗೇರುವ ಹಿಂದಿನ ರಾತ್ರಿ ಶಿಷ್ಯರಿಗೆ ತನ್ನನ್ನು ದ್ರಾಕ್ಷೆಯ ಬಳ್ಳಿಗೂ ಅವರನ್ನು ಕೊಂಬೆಗಳಿಗೂ ತಂದೆಯಾದ ದೇವರನ್ನು ತೋಟಗಾರನಿಗೂ ಹೋಲಿಸಿದನು. ದ್ರಾಕ್ಷೆಯ ಕಟ್ಟಿಗೆ ಗೂಟಕ್ಕೂ ಬಾರದೆಂದು ಹಿಂದೆಯೇ ಯೆಹೆಜ್ಕೇಲ ಪ್ರವಾದಿಯು ಹೇಳಿದ್ದನು. ಫಲವಿಲ್ಲದಿದ್ದರೆ ಅದಕ್ಕೆ ಒಲೆಯೇ ಗತಿ. ಈ ಬಳ್ಳಿಯನ್ನು ಅದರ ಪಾಡಿಗೆ ಬಿಟ್ಟರೆ ರಸವೆಲ್ಲವೂ ಎಲೆಗೂ ಕುಡಿಗೂ ವೆಚ್ಚವಾಗುತ್ತದೆ. ನೋಟಕ್ಕೆ ಹುಲುಸು, ಗೊನೆ ಮಾತ್ರ ಬಡವು. ಆದುದರಿಂದಲೇ ಕತ್ತರಿಸುವುದು. ನಮ್ಮ ದಕ್ಷಿಣ ದೇಶದಲ್ಲಿ ಚಳಿ ಕಡಮೆಯಾದುದರಿಂದ ಬಳ್ಳಿಯು ತಾನಾಗಿ ಎಲೆಯುದುರಿಸಿ ವಿಶ್ರಮಿಸುವುದಿಲ್ಲ. ಅದನ್ನು ವರ್ಷಕ್ಕೆ ಎರಡು ಬಾರಿ ಕತ್ತರಿಸುತ್ತಾರೆ, ಬೇಸಗೆಯಲ್ಲಿ ಕೊಂಬೆ ಬಲಿಯಲೆಂದು, ಅಕ್ಟೋಬರಿನ ಸುಮಾರಿಗೆ ಗೊನೆ ಬರಲೆಂದು. ಸುವಾರ್ತೆಯ ಮೂಲವಾದ ಗ್ರೀಕ್ ಭಾಷೆಯಲ್ಲಿ ಇಲ್ಲಿರುವ ಕ್ರಿಯಾಪದಕ್ಕೆ ಶುದ್ಧಿಮಾಡುವುದೆಂಬ ಅರ್ಥವೂ ಇದೆ. ಕಡಿಯುವ ಕೈಯಲ್ಲಿ ಕೋಪವಿಲ್ಲ.

ಆದರೆ ಇದನ್ನು ಹೇಳುವಾಗ ಎಚ್ಚರವಿರಬೇಕು. ನೆರೆಯವನ ಮನೆಯಲ್ಲಿ ಸಾವುನೋವು ಸಂಭವಿಸಿದಾಗ, ದೇವರು ನಿನ್ನನ್ನು ಕತ್ತರಿಸುತ್ತಿದ್ದಾನೆ ಎಂದು ಉಪದೇಶಿಸುವ ಅಧಿಕಾರ ನಮಗಿಲ್ಲ. ಕತ್ತರಿಯಿರುವುದು ತೋಟಗಾರನ ಕೈಯಲ್ಲಿ, ನಾವು ಕೊಂಬೆಗಳು. ಅಲ್ಲಿ ನಾವು ಮಾಡಬಹುದಾದದ್ದು ಸುಮ್ಮನೆ ಜೊತೆಯಲ್ಲಿ ಕುಳಿತಿರುವುದು. ಅದೂ ಒಂದು ಫಲವೇ.

ಇನ್ನು ಕಾಲದ ವಿಷಯ. 1853ರಲ್ಲಿ ಬಾಸೆಲ್ ಮಿಷನ್ನಿನ ತರುಣನೊಬ್ಬನು ಜರ್ಮನಿಯಿಂದ ನಮ್ಮ ನಾಡಿಗೆ ಬಂದನು, ವಯಸ್ಸು 21. ಬಂದದ್ದು ಸುವಾರ್ತೆಯನ್ನು ಸಾರಲೆಂದು. ಆದರೆ ಸಾರುವುದಕ್ಕೆ ಮುಂಚೆ ಕೇಳಬೇಕು, ಕಲಿಯಬೇಕು ಎಂದು ಆತನಿಗೆ ತೋರಿತು. ಹಳಗನ್ನಡದ ಲಕ್ಷಣ ಗ್ರಂಥಗಳನ್ನು ಶೋಧಿಸಿ, ಪಂಡಿತರ ಜೊತೆಯಲ್ಲಿ ಕುಳಿತು, ಪದಪದವನ್ನೂ ಕೂಡಿಸಿದನು. 1894ರಲ್ಲಿ ಮಂಗಳೂರಿನ ಮಿಷನ್ ಮುದ್ರಣಾಲಯದಿಂದ ಸುಮಾರು 70,000 ಪದಗಳ ನಿಘಂಟು ಹೊರಬಂದಿತು. ಆ ತರುಣನೇ ಫರ್ಡಿನಂಡ್ ಕಿಟೆಲ್ ಪಂಡಿತರು. ನಾಡಿಗೆ ಬಂದ ದಿನದಿಂದ ಆ ದಿನಕ್ಕೆ 41 ವರ್ಷ. ಎಲ್ಲ ಮತಗಳ ಕನ್ನಡಿಗರೂ ಆ ನಿಘಂಟಿನ ಉಪಕಾರವನ್ನು ಪಡೆದಿದ್ದಾರೆ. ಪೌಲನ ಲೆಕ್ಕದಲ್ಲಿ ನಿಘಂಟು ಕೆಲಸವೇ ಹೊರತು ಫಲವಲ್ಲ. ಅದರ ಹಿಂದಿರುವ ತಾಳ್ಮೆ, ಪರಭಾಷೆಯಲ್ಲಿಟ್ಟ ಪ್ರೀತಿ, ಅವು ಫಲ. ಪದಗಳನ್ನು ಎಣಿಸಿದ್ದೇವೆ; ತಾಳ್ಮೆಯನ್ನು ಎಣಿಸಲಾರೆವು.

ಹಾಗೆಂದು ಕಾಲಕ್ಕೆ ಮೇರೆಯೇ ಇಲ್ಲವೆಂದು ನಾವು ಭಾವಿಸಬಾರದು. ಲೂಕನ ಸುವಾರ್ತೆಯಲ್ಲಿ ಮೂರು ವರ್ಷ ಫಲಗಾಣದ ಅಂಜೂರದ ಮರವೊಂದರ ಸಾಮ್ಯವಿದೆ. ಯಜಮಾನನು ಕಡಿಯೆನ್ನುತ್ತಾನೆ, ತೋಟದಾಳು ಇನ್ನೊಂದು ವರ್ಷದ ಅವಧಿಯನ್ನು ಬೇಡಿ, ಅಗೆದು ಗೊಬ್ಬರ ಹಾಕುವೆನೆನ್ನುತ್ತಾನೆ. ಮರುವರ್ಷ ಮರ ಫಲಿಸಿತೆ ಇಲ್ಲವೆ ಎಂಬುದನ್ನು ಕಥೆ ಹೇಳುವುದಿಲ್ಲ. ಆ ಉತ್ತರವನ್ನು ಕೇಳಿದವರೇ ಕೊಡಬೇಕು.

ಹಾಗಾದರೆ ನಮ್ಮ ಪಾಲಿನ ಕೆಲಸವೇನು? ಬಳ್ಳಿಯಲ್ಲಿ ನೆಲೆಗೊಂಡಿರುವುದು, ಪ್ರಾರ್ಥನೆಯಲ್ಲಿ, ವಾಕ್ಯದ ಮನನದಲ್ಲಿ, ಹೇಳಿದ ಮಾತನ್ನು ನಡಸುವುದರಲ್ಲಿ. ಹಣ್ಣನ್ನು ಕೊಂಬೆಯು ಹೆಣಗಿ ಮಾಡುವುದಿಲ್ಲ. ಬೇರಿನ ರಸ ತನ್ನೊಳಗೆ ಹರಿಯುವಂತೆ ಇರುತ್ತದೆ. ಫಲಿಸಿತೆ ಎಂದು ತಿಳಿಯಬೇಕಾದರೆ ನಮ್ಮನ್ನು ನಾವು ಕೇಳಿಕೊಂಡು ಪ್ರಯೋಜನವಿಲ್ಲ. ಮನೆಯಲ್ಲಿ ನಮ್ಮ ಮಾತಿಗೆ ಗುರಿಯಾಗುವವರನ್ನು, ನಮ್ಮಲ್ಲಿ ಕೂಲಿಗೆ ದುಡಿಯುವವರನ್ನು, ನಮ್ಮೊಡನೆ ವ್ಯಾಜ್ಯವುಳ್ಳವರನ್ನು ಕೇಳಬೇಕು. ಸವಿಯನ್ನು ಬಲ್ಲವರು ಅವರು.