ಬೆಲೆ ಹೇಳುವ ಬಾಯಿ



ಹನ್ನೆರಡು ವರ್ಷದ ಹಿಂದೆ ನನ್ನ ಮೊದಲ ಕಥಾಸಂಕಲನವನ್ನು ಕೈಯಿಂದ ದುಡ್ಡು ಹಾಕಿ 500 ಪ್ರತಿ ಅಚ್ಚು ಮಾಡಿಸಿದೆ. ಸುತಳಿ ಬಿಗಿದ ಕಟ್ಟುಗಳು ಆಟೋದಿಂದ ಇಳಿಯುತ್ತಿದ್ದಂತೆ ಧಾರವಾಡದ ನಮ್ಮ ಓಣಿಯ ಹಿರಿಯರೊಬ್ಬರು ಗೇಟಿಗೆ ಬಂದರು. ನಾವೆಲ್ಲ ಅವರನ್ನು ಮಾಮಾ ಎಂದೇ ಕರೆಯುವುದು. "ಏನೋಪಾ, ಪುಸ್ತಕ ಬರದೀಯಂತಲ್ಲ? ನಮಗೊಂದು ಕಾಪಿ ಇಲ್ಲೇನು?" ಅಂದರು. ಕೊಟ್ಟೆ. ಅದೇ ಸಂಜೆ ಅವರೇ ನನ್ನನ್ನು ಕರೆದುಕೊಂಡು ಹೋಗಿ ಮಿರ್ಚಿ ಭಜಿ ತಿನ್ನಿಸಿ, ಚಹಾ ಕುಡಿಸಿ, ನಾನು ಬೇಡ ಬೇಡವೆಂದರೂ ಬಿಲ್ಲು ಕೊಟ್ಟರು. ಜಿಪುಣರಲ್ಲ ಅವರು. ಭಜಿಗೆ ರೊಕ್ಕ ಕೊಡಬೇಕೆಂದು ಅಂಗಡಿಯವನು ಹೇಳಿದ, ಪುಸ್ತಕಕ್ಕೆ ಕೊಡಬೇಕೆಂದು ನಾನು ಹೇಳಲಿಲ್ಲ, ಅಷ್ಟೇ ವ್ಯತ್ಯಾಸ.

ಸ್ವಂತ ಕಸುಬಿನವರಿಗೆ, ಅಂದರೆ ಅನುವಾದಕರಿಗೆ, ಫೋಟೋ ತೆಗೆಯುವವರಿಗೆ, ಮನೆಯಲ್ಲಿ ಹಪ್ಪಳ ಮಾಡಿ ಮಾರುವವರಿಗೆ, ಈಗ ಮಾರ್ಕೆಟಿಂಗು, ನೆಟ್‌ವರ್ಕಿಂಗು ಎಂದು ಉಪದೇಶ ಮಾಡುವವರಿಗೇನೂ ಬರವಿಲ್ಲ. ಅಂಥ ಎರಡು ಶಿಬಿರಕ್ಕೆ ನಾನೂ ಹೋಗಿ ಕೂತು ಬಂದೆ. ವಿಸಿಟಿಂಗ್ ಕಾರ್ಡು ಯಾವಾಗ ಕೊಡಬೇಕೆಂದು ಕಲಿಸಿದರು. ಬೆಲೆ ಹೇಳುವ ಹೊತ್ತಿಗೆ ಗಂಟಲು ಕಟ್ಟುತ್ತದಲ್ಲ, ಅದಕ್ಕೇನು ಮದ್ದು ಎಂದು ಯಾರೂ ಹೇಳಲಿಲ್ಲ. ಆ ಗಂಟಲಿನ ಚರಿತ್ರೆಯನ್ನೇ ಇವತ್ತು ಹೇಳುತ್ತೇನೆ, ಕನ್ನಡದ ಬರಹಗಾರರನ್ನು ಮುಂದಿಟ್ಟುಕೊಂಡು.

ಹಿಂದಿನ ಕವಿಗೆ ಈ ಕಷ್ಟವಿರಲಿಲ್ಲ. ಗಿರಾಕಿ ಒಬ್ಬನೇ, ಅವನು ಅರಸ. ಪಂಪನಿಗೆ ಅರಿಕೇಸರಿ ಧರ್ಮವುರವೆಂಬ ಅಗ್ರಹಾರವನ್ನೇ ಕೊಟ್ಟ. ಅದೇ 10ನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನು 1000 ಪ್ರತಿ ಬರೆಸಿ ಹಂಚಿಸಿದಳು. ಓಲೆಗರಿಯ ಮೇಲೆ ಕಬ್ಬಿಣದ ಕಂಠದಿಂದ ಕೊರೆದು ಸಾವಿರ ಪ್ರತಿ! ಇವತ್ತಿಗೂ ಹೊಸ ಕನ್ನಡ ಲೇಖಕನ ಪುಸ್ತಕ ಮೊದಲ ಸಲಕ್ಕೇ ಅಷ್ಟು ಅಚ್ಚಾದರೆ ದೊಡ್ಡ ಮಾತು. ಆದರೆ ಅವಳ ಬಿರುದೇ ದಾನಚಿಂತಾಮಣಿ, ಸಾವಿರವೂ ದಾನ. ನಮ್ಮ ಗೌರವಪ್ರತಿಯ ಬೇರು ಅಲ್ಲೇ ಎಲ್ಲೋ ಇದೆಯೇನೋ ಎಂದು ನನಗೊಂದು ತುಂಟ ಅನುಮಾನ.

ಅಚ್ಚಿನ ಮೊಳೆ ಬಂದಮೇಲೆ ಅರಸನ ಜಾಗದಲ್ಲಿ ಮುಖ ಗೊತ್ತಿಲ್ಲದ ಓದುಗ ಬಂದು ಕೂತ. 1843ರ ಜುಲೈ 1ರಂದು ಹೆರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ ಶುರುಮಾಡಿದಾಗ ಕನ್ನಡಿಗರಿಗೆ ಕಾಸು ಕೊಟ್ಟು ಸುದ್ದಿ ಓದುವುದೇ ಹೊಸದು. ಮೋಗ್ಲಿಂಗರ ಬೆನ್ನಿಗಾದರೂ ಬಾಸೆಲ್ ಮಿಶನ್ ಇತ್ತು. ಬೆನ್ನಿಗೆ ಯಾರೂ ಇಲ್ಲದವನು ಏನು ಮಾಡಬೇಕು?

ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ. ವರದೆ ತುಂಗಭದ್ರೆಯನ್ನು ಕೂಡುವ ಕಡೆ, ಈಗಿನ ಹಾವೇರಿ ಜಿಲ್ಲೆಯಲ್ಲಿ, ಗಳಗನಾಥ ಎಂಬ ಊರಿದೆ. 1869ರಲ್ಲಿ ಹುಟ್ಟಿದ ವೆಂಕಟೇಶ ತಿರಕೋ ಕುಲಕರ್ಣಿಯವರು ಆ ಊರಿನ ಹೆಸರಿನಿಂದಲೇ ಪ್ರಸಿದ್ಧರಾದರು. ವೃತ್ತಿಯಿಂದ ಶಾಲಾ ಮಾಸ್ತರರು. ಧಾರವಾಡ ಸೀಮೆಯಲ್ಲಿ ಆಗ ಓದುಬರಹ ಬಲ್ಲವರ ಕೈಯಲ್ಲಿದ್ದದ್ದು ಮರಾಠಿ ಪುಸ್ತಕ. 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದೂ ಈ ಕೊರಗಿನಿಂದಲೇ. ಗಳಗನಾಥರು ಮರಾಠಿಯಿಂದ ತಂದೂ ಸ್ವಂತ ಬರೆದೂ ಕಾದಂಬರಿಯ ಮೇಲೆ ಕಾದಂಬರಿ ಕೊಟ್ಟರು. ಕೊಳ್ಳುವವರು ಎಲ್ಲಿ? ಹಳ್ಳಿಗಳಲ್ಲಿ ಪುಸ್ತಕದ ಅಂಗಡಿಯೇ ಇಲ್ಲ. ಅವರು ಪುಸ್ತಕದ ಗಂಟು ಕಟ್ಟಿ ತಲೆಯ ಮೇಲಿಟ್ಟುಕೊಂಡು ಊರೂರಿಗೆ ನಡೆದರು.

ನಮ್ಮಲ್ಲಿ ಈ ಮಾತನ್ನು ಕಣ್ಣಲ್ಲಿ ನೀರು ತಂದುಕೊಂಡೇ ಹೇಳುತ್ತಾರೆ. ಎಂಥ ತ್ಯಾಗ, ಎಂಥ ಬಡತನ ಎಂದು. ಬಡತನವಿತ್ತು, ನಿಜ. ಆದರೆ ಗಂಟಿನ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಕಾಯಿಪಲ್ಲೆಯ ಬುಟ್ಟಿ ಹೊತ್ತವಳನ್ನು ಯಾರೂ ಗೌರವಪ್ರತಿ ಕೇಳುವುದಿಲ್ಲ. ಹೊರೆ ಇಳಿಸಿದ ಕೂಡಲೇ ಅದು ಮಾರುವ ಸರಕು ಎಂದು ಎದುರಿನವನಿಗೆ ತಾನಾಗಿಯೇ ತಿಳಿಯುತ್ತದೆ. ತಲೆಹೊರೆ ಗಳಗನಾಥರ ಪರವಾಗಿ ಬೆಲೆ ಹೇಳುತ್ತಿತ್ತು. ಇನ್ನೂ ಒಂದು ಲಾಭ: ಯಾವ ಊರಿನ ಯಾವ ಮನೆಯಲ್ಲಿ ಓದುವವರಿದ್ದಾರೆ ಎಂಬುದು ನಡೆದವನಿಗೆ ಗೊತ್ತಿರುತ್ತದೆ. ‘ಸದ್ಬೋಧ ಚಂದ್ರಿಕೆ’ ಎಂಬ ಮಾಸಪತ್ರಿಕೆಯನ್ನೂ ನಡೆಸಿದ ಗಳಗನಾಥರಿಗೆ ಆ ಅರಿವು ಎಷ್ಟು ಬೆಲೆಬಾಳಿರಬೇಕೆಂದು ಯೋಚಿಸಿ. ಇವತ್ತು ಕಂಪನಿಗಳು ಇದೇ ಮಾಹಿತಿಗೆ ಲಕ್ಷಗಟ್ಟಲೆ ಸುರಿಯುತ್ತವೆ.

ಎಲ್ಲರೂ ನಡೆಯಲಾರರು. ಅಂಥವರಿಗೆ ಅಂಚೆ ಇಲಾಖೆ ದೊಡ್ಡ ಉಪಕಾರ ಮಾಡಿತು. ನಮ್ಮ ದೇಶದಲ್ಲಿ 1877ರಲ್ಲಿ ವಿ.ಪಿ.ಪಿ. ಬಂತು, 1880ರಲ್ಲಿ ಅಂಚೆಯ ಮನಿಯಾರ್ಡರು. ಓದುಗ ಒಂದು ಕಾರ್ಡು ಗೀಚಿ ಹಾಕಿದರೆ ಸಾಕು, ಪುಸ್ತಕ ಹೊರಡುತ್ತಿತ್ತು. ಅಂಚೆಯಣ್ಣ ಬಾಗಿಲಲ್ಲಿ ನಿಂತು ಇಷ್ಟು ರೂಪಾಯಿ ಇಷ್ಟಾಣೆ ಎಂದು ಎಣಿಸಿಕೊಂಡ ಮೇಲೆಯೇ ಕಟ್ಟು ಕೈಗೆ. ಹಣ ಮನಿಯಾರ್ಡರಾಗಿ ಲೇಖಕನ ಮನೆಗೆ. ಸಂಕೋಚದ ಪ್ರಾಣಿಗಳಿಗೆ ಇದಕ್ಕಿಂತ ಏನು ಬೇಕು! ಕೇಳುವ ಬಾಯಿ ಸರ್ಕಾರದ್ದು. ಫಜೀತಿಯೂ ಇತ್ತು. ಕಟ್ಟು ಬರುವಷ್ಟರಲ್ಲಿ ಓದುಗನ ಉತ್ಸಾಹ ಇಳಿದಿದ್ದರೆ "ಒಲ್ಲೆ" ಅಂದುಬಿಡುತ್ತಿದ್ದ. ಷರಾ ಬರೆಸಿಕೊಂಡು ಪುಸ್ತಕ ಮೂಲೆ ಮಡಚಿ ವಾಪಸು ಬರುತ್ತಿತ್ತು, ಅಂಚೆ ವೆಚ್ಚ ಕಳಿಸಿದವನ ತಲೆಗೆ.

ವಾಪಸಾಗುವ ಭಯಕ್ಕೆ ಮದ್ದು ಚಂದಾ. 1933ರಲ್ಲಿ ಜಿ.ಬಿ. ಜೋಶಿಯವರು ಧಾರವಾಡದಲ್ಲಿ ಮನೋಹರ ಗ್ರಂಥಮಾಲೆಯನ್ನು ಕಟ್ಟಿದ್ದು ಚಂದಾದಾರರನ್ನು ನಂಬಿ. ಪುಸ್ತಕ ಬರೆಯುವ ಮೊದಲೇ ಓದುಗನನ್ನು ಗೊತ್ತುಮಾಡಿಕೊಳ್ಳುವ ಪದ್ಧತಿ ಇದು. ಅದಕ್ಕಾಗಿ ಜೋಶಿಯವರೂ ಊರೂರು ತಿರುಗಿದರು. ಸುಭಾಸ ರಸ್ತೆಯ ಗ್ರಂಥಮಾಲೆಯ ಅಟ್ಟವನ್ನು ಸಾಹಿತ್ಯದ ಮಂದಿ ಇವತ್ತಿಗೂ ಬರೀ ‘ಅಟ್ಟ’ ಎನ್ನುತ್ತಾರೆ. ಅಲ್ಲಿ ಹರಟೆಗೆಂದು ಹತ್ತಿದವರು ಹಸ್ತಪ್ರತಿ ಕೊಟ್ಟು ಇಳಿಯುತ್ತಿದ್ದರು. ಗಿರೀಶ ಕಾರ್ನಾಡರ ‘ಯಯಾತಿ’ 1961ರಲ್ಲಿ ಹೊರಬಂದದ್ದು ಅಲ್ಲಿಂದಲೇ. ಶಿಬಿರದವರು ನೆಟ್‌ವರ್ಕಿಂಗ್ ಎಂದಾಗಲೆಲ್ಲ ನನಗೆ ಆ ಅಟ್ಟದ ನೆನಪಾಗುತ್ತದೆ. ಕಾರ್ಡು ಕೊಟ್ಟು ಮುಂದಿನವನ ಕಡೆ ತಿರುಗುವ ಪೈಕಿ ಅಲ್ಲ ಅದು. ಚಹಾ ಆರುವ ತನಕ ಕೂಡುವುದು, ಮತ್ತೊಮ್ಮೆ ಚಹಾ ತರಿಸುವುದು.

ಬೆಂಗಳೂರಿನ ಕಡೆ ಜಿ.ಪಿ. ರಾಜರತ್ನಂ ಪುಸ್ತಕಗಳನ್ನು ಚೀಲಕ್ಕೆ ತುಂಬಿಕೊಂಡು ಸಭೆಯಲ್ಲಿ ತಾವೇ ಮಾರುತ್ತಿದ್ದರು. ಪ್ರೊಫೆಸರರಾಗಿ ಇದೇನು ಎಂದವರಿಗೆ ಅವರು ಸೊಪ್ಪು ಹಾಕಿದಂತಿಲ್ಲ. ತಮ್ಮನ್ನು ಸಾಹಿತ್ಯ ಪರಿಚಾರಕ ಎಂದು ಕರೆದುಕೊಂಡವರು ಅವರು. ಕುವೆಂಪು ಮೈಸೂರಿನ ತಮ್ಮ ಮನೆಯ ಹೆಸರಿನಲ್ಲೇ ಉದಯರವಿ ಪ್ರಕಾಶನ ಮಾಡಿಕೊಂಡರು. 1980ರಲ್ಲಿ ಲಂಕೇಶ್ ತಮ್ಮ ವಾರಪತ್ರಿಕೆಗೆ ಜಾಹೀರಾತೇ ಬೇಡವೆಂದು, ಓದುಗ ಕೊಟ್ಟ ಕಾಸಿನ ಮೇಲೆಯೇ ನಡೆಸಿದರು. ಸಾಫ್ಟ್‌ವೇರ್ ಕೆಲಸದಲ್ಲಿದ್ದ ವಸುಧೇಂದ್ರ ‘ಛಂದ ಪುಸ್ತಕ’ ಮಾಡಿದಾಗ ತಮ್ಮ ಪುಸ್ತಕದ ಜೊತೆ ಹೊಸಬರ ಮೊದಲ ಕಥಾಸಂಕಲನಗಳಿಗೂ ಬಹುಮಾನವಿಟ್ಟು ಅಚ್ಚು ಹಾಕಿದರು. ತನ್ನ ಓಣಿಗೆ ಇನ್ನಷ್ಟು ಅಂಗಡಿ ಬರಲಿ ಎನ್ನುವ ವ್ಯಾಪಾರಿಯ ಲೆಕ್ಕ ಅದು. ಎಲ್ಲರೂ ಒಂದೇ ಕಡೆ ಕೂತಾಗಲೇ ಅಲ್ಲವೇ ಸಂತೆ ಆಗುವುದು, ಜನ ನೆರೆಯುವುದು?

ನನ್ನ 500 ಪ್ರತಿಗಳ ಗತಿ ಹೇಳಬೇಕಲ್ಲ. ಇನ್ನೂರು ಪ್ರತಿಗಳನ್ನು ಒಬ್ಬ ವಿತರಕರಿಗೆ ಕೊಟ್ಟೆ. ರಸೀದಿ ಕೇಳಲೂ ನಾಚಿಕೆ. ಆ ರೊಕ್ಕ ಇನ್ನೂ ಬರಬೇಕಾಗಿದೆ. ನೂರಕ್ಕೂ ಹೆಚ್ಚು ಗೌರವಪ್ರತಿಗಳಾದವು. ಕೆಲವನ್ನು ಮಂಚದ ಕೆಳಗೆ ಒರಲೆ ತಿಂದಿತು.

ಕಳೆದ ವರ್ಷ ಎರಡನೆಯ ಪುಸ್ತಕ ಬಂತು. ಈ ಸಲ ಕಟ್ಟು ಬಿಚ್ಚುವ ಮೊದಲೇ ಕನ್ನಡಿಯ ಮುಂದೆ ನಿಂತು "ನೂರಾ ಐವತ್ತು" ಎಂದು ಹೇಳಿ ಹೇಳಿ ರೂಢಿ ಮಾಡಿಕೊಂಡೆ. ಕಷ್ಟದ್ದು ಬೆಲೆ ಹೇಳುವುದಲ್ಲ. ಹೇಳಿದ ಮೇಲೆ "ನಿಮಗಾದರೆ ನೂರು ಕೊಟ್ಟರೂ ನಡೀತದ" ಎಂದು ಬಾಲ ಸೇರಿಸದೆ ಸುಮ್ಮನಿರುವುದು.

ಮಾಮಾ ಗೇಟಿಗೆ ಬಂದೇ ಬಂದರು. ಅದೇ ಪ್ರಶ್ನೆ.

"ನೂರಾ ಐವತ್ತು, ಮಾಮಾ" ಅಂದೆ. ಅಂದು ಸುಮ್ಮನಾದೆ.

ಅವರು ಅಂಗಿಯ ಕಿಸೆಗೆ ಕೈ ಹಾಕಿದರು. "ಎರಡು ಕೊಡು, ಅಳಿಯಗೊಂದು ಬೇಕು" ಅಂದು ನೋಟು ಎಣಿಸಿ ಕೊಟ್ಟರು. ಸಹಿ ಹಾಕಿಸಿಕೊಂಡು ಹೊರಟವರು ಗೇಟಿನ ಚಿಲಕ ಹಾಕುತ್ತಾ ತಿರುಗಿ ಹೇಳಿದರು: "ನೀ ಅವತ್ತ ಪುಕ್ಕಟೆ ಕೊಟ್ಟಿದ್ದೆಲ್ಲ, ಅದನ್ನ ಇನ್ನೂ ಓದಿಲ್ಲ ನೋಡಪಾ."